ಮೈಸೂರಿನಲ್ಲಿ ಎರಡು ದಿನ: ಹುಲಿ-ಚಿರತೆಗಳ ಹೊತ್ತಿಗೆ ಹೊಂದಿಸಿಕೊಂಡ ಊರು ಸುತ್ತಾಟದ ಸಮಗ್ರ ಮಾರ್ಗದರ್ಶಿ

ಮೈಸೂರಿಗೆ ಬರುವ ಬಹುಪಾಲು ಜನರ ದಿನಚರಿ ಒಂದೇ. ಬೆಳಗ್ಗೆ ಬೆಟ್ಟ, ಹನ್ನೊಂದಕ್ಕೆ ಅರಮನೆ, ಊಟ ಮುಗಿಸಿ ಎರಡು ಗಂಟೆಗೆ ಜೂ, ಸಂಜೆ ಕೆಆರ್‌ಎಸ್. ಹೀಗೆ ಓಡಾಡುವವರಿಗೆ ಜೂನಲ್ಲಿ ಕಾಣುವುದು ಮರದ ನೆರಳಲ್ಲಿ ಮಲಗಿದ ಹುಲಿಯ ಬೆನ್ನು, ಪೊದೆಯ ಹಿಂದೆ ಒಂದು ಬಾಲ. "ಏನೂ ಇಲ್ಲ, ಎಲ್ಲಾ ಮಲಗಿದ್ದಾವೆ" ಎಂದು ಮಕ್ಕಳನ್ನು ಎಳೆದುಕೊಂಡು ಮುಂದೆ ಹೋಗುತ್ತಾರೆ. ಹುಲಿಯದ್ದೇನೂ ತಪ್ಪಿಲ್ಲ. ಬೆಕ್ಕಿನ ಜಾತಿಯ ಪ್ರಾಣಿಗಳು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚುರುಕು. ನಡುಹಗಲು ಅವುಗಳ ನಿದ್ದೆಯ ಹೊತ್ತು. ಸಿಂಹವಂತೂ ದಿನದ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರಬಲ್ಲದು.

ಹಾಗಾಗಿ ಈ ಮಾರ್ಗದರ್ಶಿಯ ಲೆಕ್ಕಾಚಾರ ತಿರುವುಮುರುವು. ಮೊದಲು ಪ್ರಾಣಿಗಳ ಹೊತ್ತು, ಆಮೇಲೆ ಅದರ ಸುತ್ತ ಊರು. ಅರಮನೆ ಮಧ್ಯಾಹ್ನವೂ ಅಷ್ಟೇ ಚೆನ್ನಾಗಿರುತ್ತದೆ, ಚಿರತೆ ಹಾಗಲ್ಲ.

ಹಂತ 1: ಸರಿಯಾದ ದಿನ ಹಿಡಿಯಿರಿ

ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ. ಪಕ್ಕದ ಕಾರಂಜಿ ಕೆರೆಗೂ ಅಂದೇ ರಜೆ. ಅರಮನೆಯ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳಕ್ಕೆ. ಜೂನಲ್ಲಿ ಜನಜಾತ್ರೆ ಸೇರುವುದೂ ಭಾನುವಾರವೇ. ಈ ಮೂರನ್ನೂ ಜೋಡಿಸಿ ನೋಡಿದರೆ ಒಂದು ಒಳ್ಳೆಯ ಉತ್ತರ ಸಿಗುತ್ತದೆ: ಭಾನುವಾರ ಮಧ್ಯಾಹ್ನ ಊರು ಸೇರಿ, ಸಂಜೆ ದೀಪ ನೋಡಿ, ರಾತ್ರಿ ಉಳಿದು, ಸೋಮವಾರ ಬೆಳಗ್ಗೆ ಜೂ ಬಾಗಿಲು ತೆರೆಯುವಾಗ ಅಲ್ಲಿರುವುದು. ಸೋಮವಾರ ರಜೆ ಸಿಗದವರು ಶನಿವಾರ ಬೆಳಗ್ಗೆ ಜೂ ಮುಗಿಸಿಕೊಂಡು ಭಾನುವಾರದ ದೀಪಕ್ಕೆ ಕಾಯಬಹುದು. ಭಾನುವಾರ ಮಧ್ಯಾಹ್ನದ ಜೂ ಮಾತ್ರ ಬೇಡವೇ ಬೇಡ.

ಋತುವಿನ ಮಾತು. ನವೆಂಬರ್‌ನಿಂದ ಫೆಬ್ರವರಿವರೆಗಿನ ತಂಪು ಬೆಳಗುಗಳು ಉತ್ತಮ. ನನ್ನ ಮಟ್ಟಿಗೆ ಇನ್ನೂ ಒಳ್ಳೆಯದು ಜುಲೈ-ಆಗಸ್ಟ್‌ನ ಮೋಡ ಕವಿದ ದಿನ: ಜನ ಕಡಿಮೆ, ಬಿಸಿಲಿಲ್ಲ, ಹುಲಿಗಳು ಹೊತ್ತು ಏರಿದ ಮೇಲೂ ಓಡಾಡಿಕೊಂಡಿರುತ್ತವೆ. ಏಪ್ರಿಲ್-ಮೇನಲ್ಲಿ ಬರುವುದಾದರೆ ಹತ್ತು ಗಂಟೆಯೊಳಗೆ ಬೆಕ್ಕುಗಳನ್ನು ನೋಡಿ ಮುಗಿಸಬೇಕು. ದಸರಾ ವಾರದಲ್ಲಿ ಊರು ನೋಡಲು ಬನ್ನಿ, ಪ್ರಾಣಿ ನೋಡಲು ಇನ್ನೊಮ್ಮೆ ಬನ್ನಿ.

ಹಂತ 2: ಭಾನುವಾರ, ಅರಮನೆ ಮತ್ತು ದೀಪ

ಬೆಂಗಳೂರಿನಿಂದ ರೈಲಿನಲ್ಲಿ ಎರಡರಿಂದ ಮೂರು ಗಂಟೆಯ ದಾರಿ. ಮೃಗಾಲಯ ಇರುವುದು ಇಟ್ಟಿಗೆಗೂಡಿನ ಪಕ್ಕ, ಹಾಗಾಗಿ ರೂಮನ್ನು ನಜರ್‌ಬಾದ್ ಅಥವಾ ಸಬರ್ಬನ್ ಬಸ್ ನಿಲ್ದಾಣದ ಸುತ್ತಮುತ್ತ ಹಿಡಿದರೆ ಬೆಳಗ್ಗೆ ಆಟೋ ಹುಡುಕುವ ಗೋಜಿಲ್ಲ.

ಅರಮನೆ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ತೆರೆದಿರುತ್ತದೆ. ಮೂರು ಗಂಟೆಗೆ ಒಳಹೊಕ್ಕರೆ ನೆಮ್ಮದಿಯಾಗಿ ನೋಡಬಹುದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗಿರುವುದು ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಪೂರ್ಣವಾದ ಕಟ್ಟಡ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ನವಿಲಿನ ಚಿತ್ತಾರದ ಬಣ್ಣದ ಗಾಜನ್ನು ನೋಡುತ್ತಾರೆ. ಅದೇ ಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ಚಿತ್ರಗಳಿಗೂ ಹತ್ತು ನಿಮಿಷ ಕೊಡಿ. ಒಬ್ಬೊಬ್ಬರ ಪೇಟ, ಮುಖಭಾವ ಎಲ್ಲವೂ ಬೇರೆ ಬೇರೆ.

ಹೊರಗೆ ಬಂದ ಮೇಲೆ ಅಂಗಳದಲ್ಲಿರುವ ಕಂಚಿನ ದೊಡ್ಡ ಬೆಕ್ಕುಗಳ ಹತ್ತಿರ ಹೋಗಿ. ಬ್ರಿಟಿಷ್ ಶಿಲ್ಪಿ ವಿಲಿಯಂ ರಾಬರ್ಟ್ ಕೋಲ್ಟನ್ ಕೈಕೆಲಸ ಅವು. ಜನ ಅವುಗಳ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನೀವು ಭುಜದ ಮೂಳೆ, ಕತ್ತು, ತಲೆ ಇರುವ ಮಟ್ಟ, ಪಂಜದ ಅಗಲ ಇಷ್ಟನ್ನು ಗಮನಿಸಿಟ್ಟುಕೊಳ್ಳಿ. ಮರುದಿನ ನಿಜವಾದ ಹುಲಿ ನಡೆಯುವಾಗ ಕಣ್ಣು ಎಲ್ಲಿ ನೆಡಬೇಕೆಂಬುದಕ್ಕೆ ಇದು ಒಳ್ಳೆಯ ಪೂರ್ವಪಾಠ.

ಐದೂವರೆಗೆ ಹೊರಬಂದು ದೇವರಾಜ ಮಾರುಕಟ್ಟೆಗೆ ಹೋಗಿಬನ್ನಿ. ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಗೊನೆಗಳ ನಡುವೆ ಒಂದು ಸುತ್ತು ಹಾಕಿ, ಗುರು ಸ್ವೀಟ್ಸ್‌ನಲ್ಲಿ ಮೈಸೂರ್ ಪಾಕ್ ತಿನ್ನುವಷ್ಟರಲ್ಲಿ ದೀಪದ ಹೊತ್ತು. ಆರೂವರೆಗೆ ಅರಮನೆಗೆ ವಾಪಸ್ ಬಂದು, ಪೂರ್ವದ ಜಯಮಾರ್ತಾಂಡ ದ್ವಾರಕ್ಕೆ ಎದುರಾಗುವ ಜಾಗ ಹಿಡಿಯಿರಿ. ಸುಮಾರು ಒಂದು ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಮುಂಚೆ ಬಂದು ನಿಲ್ಲಬೇಕಾದ್ದು ಆ ಒಂದು ಕ್ಷಣಕ್ಕೇ. ಹೊತ್ತಿದ ಮೇಲೆ ಬಂದವರಿಗೆ ಅದು ಸಿಗುವುದಿಲ್ಲ.

ಹಂತ 3: ಸೋಮವಾರ ಬೆಳಗ್ಗೆ, ಜೂ ಬಾಗಿಲಿಗೆ ಮೊದಲು

ಏಳು ಗಂಟೆಗೆ ನಜರ್‌ಬಾದಿನ ಮೈಲಾರಿ ಹೋಟೆಲ್‌ನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ದೋಸೆ. ಅಲ್ಲಿಂದ ಮೃಗಾಲಯ ಹತ್ತಿರವೇ. ಬಾಗಿಲು ತೆರೆಯುವುದು ಎಂಟೂವರೆಗೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಟ್ಟುಕೊಂಡರೆ ಸಾಲಿನಲ್ಲಿ ಕಳೆಯುವ ಸಮಯ ಉಳಿಯುತ್ತದೆ. ಬೆಳಗಿನ ಆ ಅರ್ಧ ಗಂಟೆಗೆ ಮಧ್ಯಾಹ್ನದ ಎರಡು ಗಂಟೆಯ ಬೆಲೆ ಇದೆ.

ಚೀಲದಲ್ಲಿ ಇರಬೇಕಾದವು: ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಮತ್ತು ಬೈನಾಕ್ಯುಲರ್. ಜೂಗೆ ಬೈನಾಕ್ಯುಲರ್ ಏಕೆ ಎನ್ನಬೇಡಿ. ಹುಲಿಯ ಮೀಸೆಯ ಬುಡದ ಕಪ್ಪು ಚುಕ್ಕೆಗಳನ್ನು, ನಾಲಿಗೆಯ ಮುಳ್ಳುಗಳನ್ನು ಕಂದಕದಾಚೆಯಿಂದ ನೋಡಲು ಬೇರೆ ದಾರಿಯಿಲ್ಲ. ಪ್ಲಾಸ್ಟಿಕ್ ಚೀಲ, ಪೊಟ್ಟಣದ ತಿಂಡಿ ತರಬೇಡಿ. ಬಾಗಿಲಲ್ಲೇ ತಪಾಸಣೆ ಇದೆ. ಬಟ್ಟೆ ಯಾವ ಬಣ್ಣದ್ದಾದರೂ ಪರವಾಗಿಲ್ಲ, ಚಪ್ಪಲಿ ಮಾತ್ರ ನಡೆಯಲು ಬರುವಂಥದ್ದಿರಲಿ.

ಈ ಜಾಗದ ಚರಿತ್ರೆಯನ್ನು ಸ್ವಲ್ಪ ತಿಳಿದಿದ್ದರೆ ನೋಟ ಬೇರೆಯಾಗುತ್ತದೆ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ತಮ್ಮ ಬೇಸಿಗೆ ಅರಮನೆಯ ಹತ್ತು ಎಕರೆಯಲ್ಲಿ ಇದನ್ನು ಶುರುಮಾಡಿದರು. ಉದ್ಯಾನದ ವಿನ್ಯಾಸದಲ್ಲಿ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಕೈಯಿತ್ತು, ಬೆಂಗಳೂರಿನ ಲಾಲ್‌ಬಾಗ್‌ಗೂ ರೂಪ ಕೊಟ್ಟವರು ಅವರು. ಅರಸರ ಖಾಸಗಿ ಪ್ರಾಣಿಸಂಗ್ರಹವಾಗಿದ್ದದ್ದು 1909ರಲ್ಲಿ ಸ್ಥಾಪಕರ ಹೆಸರು ಪಡೆಯಿತು. ಸ್ವಾತಂತ್ರ್ಯಾನಂತರ ಸರ್ಕಾರಕ್ಕೆ ಬಂದು, 1972ರಲ್ಲಿ ಅರಣ್ಯ ಇಲಾಖೆಗೂ 1979ರಲ್ಲಿ ಮೃಗಾಲಯ ಪ್ರಾಧಿಕಾರಕ್ಕೂ ಸೇರಿತು. ಈಗ ಜೂ ವಿಸ್ತೀರ್ಣ 157 ಎಕರೆ. ಪೂರ್ತಿ ಸುತ್ತಿದರೆ ಕಾಲು ನೋಯುವಷ್ಟು ದಾರಿ.

ಒಳಗೆ ಹೋದೊಡನೆ ನಕ್ಷೆಯ ಫಲಕದ ಮುಂದೆ ನಿಂತು ಹುಲಿ, ಬಿಳಿ ಹುಲಿ, ಸಿಂಹ, ಚಿರತೆ, ಚೀತಾಗಳ ಆವರಣಗಳನ್ನು ಗುರುತು ಮಾಡಿಕೊಳ್ಳಿ. ಫೋನಿನಲ್ಲಿ ಆ ನಕ್ಷೆಯದೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೃಗಾಲಯಗಳ ನಡುವೆ ಪ್ರಾಣಿ ವಿನಿಮಯ ನಡೆಯುತ್ತಲೇ ಇರುವುದರಿಂದ ನೆಂಟರು ಹೇಳಿದ ಹಳೆಯ ಪಟ್ಟಿಗಿಂತ ಅಂದಿನ ಫಲಕವನ್ನೇ ನಂಬಿ. ದಾರಿ ಸುತ್ತು ಹಾಕಿಕೊಂಡು ಸಾಗುತ್ತದೆ. ಮೊದಮೊದಲ ಆವರಣಗಳಲ್ಲೇ ಎಲ್ಲರೂ ಬಹಳ ಹೊತ್ತು ನಿಂತುಬಿಡುತ್ತಾರೆ. ಜಿರಾಫೆಗೆ ಐದು ನಿಮಿಷ ಕೊಟ್ಟು ಮುಂದೆ ಸಾಗಿದರೆ ಹುಲಿಯ ಹತ್ತಿರ ನೀವೇ ಮೊದಲಿಗರು. ಹಿರಿಯರಿದ್ದರೆ ಬ್ಯಾಟರಿ ವಾಹನ ಇದೆ, ಆದರೆ ಅದು ಬೆಕ್ಕುಗಳ ಮುಂದೆ ನಿಮಗೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ.

ಹಂತ 4: ಹುಲಿಯ ಮುಂದೆ ಇಪ್ಪತ್ತು ನಿಮಿಷ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುವಿರಾದರೆ ಇದನ್ನು ಪಾಲಿಸಿ. ಎಲ್ಲ ಪ್ರಾಣಿಗಳನ್ನೂ ಎರಡೆರಡು ನಿಮಿಷ ನೋಡುವ ಬದಲು ಒಂದು ಹುಲಿಯ ಮುಂದೆ ಇಪ್ಪತ್ತು ನಿಮಿಷ ನಿಲ್ಲಿ. ಮೊದಲ ಐದು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕಣ್ಣು ಪಳಗಿದ ಮೇಲೆ ಕಾಣತೊಡಗುತ್ತದೆ.

ರಾತ್ರಿ ಕೋಣೆಯಿಂದ ಹೊರಬಿಟ್ಟ ಹುಲಿ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ತನ್ನ ಎಲ್ಲೆಯನ್ನು ಒಂದು ಸುತ್ತು ಬರುವುದು. ಯಾವುದೋ ಮರದ ಬುಡದಲ್ಲಿ ನಿಂತು ಮೂಸುತ್ತದೆ. ಆಮೇಲೆ ತಲೆಯೆತ್ತಿ, ಮೇಲ್ದುಟಿ ಹಿಂದಕ್ಕೆಳೆದು, ಮೂಗು ಸುಕ್ಕುಗಟ್ಟಿಸಿ, ನಾಲಿಗೆ ಹೊರಚಾಚಿ ಕೆಲವು ಕ್ಷಣ ಹಾಗೆಯೇ ನಿಲ್ಲುತ್ತದೆ. "ನೋಡು, ಕೋಪ ಬಂದಿದೆ" ಅನ್ನುತ್ತಾರೆ ಪಕ್ಕದವರು. ಕೋಪವಲ್ಲ. ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷ ಅಂಗಕ್ಕೆ ವಾಸನೆಯನ್ನು ಮುಟ್ಟಿಸುತ್ತಿದೆ. ಯಾರು ಬಂದಿದ್ದರು, ಹೆಣ್ಣೋ ಗಂಡೋ, ಬೆದೆಯಲ್ಲಿದೆಯೋ ಎಂಬುದೆಲ್ಲ ಅದಕ್ಕೆ ತಿಳಿಯುವುದು ಹೀಗೆ. ಇದಾದ ಮೇಲೆ ಅದು ತಿರುಗಿ ನಿಂತು ಬಾಲ ನೆಟ್ಟಗೆ ಎತ್ತಿತೆಂದರೆ ಹಿಂದೆ ಸರಿಯಿರಿ: ಅದೇ ಮರಕ್ಕೆ ತನ್ನ ಗುರುತನ್ನು ಚಿಮ್ಮಿಸಲಿದೆ.

ಕಿವಿಯ ಹಿಂಭಾಗ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ಬಿಳಿ ಮಚ್ಚೆ ಇರುತ್ತದೆ, ತಾಯಿಯ ಹಿಂದೆ ಹುಲ್ಲಿನಲ್ಲಿ ನಡೆವ ಮರಿಗಳಿಗೆ ದಾರಿ ತೋರಲು ಎಂಬುದು ಒಂದು ವಿವರಣೆ. ಕಣ್ಣಿನ ಪಾಪೆ ಗುಂಡಗಿದೆ. ಮನೆಯ ಬೆಕ್ಕಿನದಾದರೆ ಬೆಳಕಿನಲ್ಲಿ ಸೀಳಾಗುತ್ತದೆ. ಎರಡು ಹುಲಿಗಳಿದ್ದರೆ ಹುಬ್ಬಿನ ಮೇಲಿನ, ಪಕ್ಕೆಯ ಪಟ್ಟೆಗಳನ್ನು ಹೋಲಿಸಿ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಎಣಿಸುವುದು ಈ ಪಟ್ಟೆಗಳ ಆಧಾರದ ಮೇಲೆಯೇ. 2022ರ ಗಣತಿಯಲ್ಲಿ ಕರ್ನಾಟಕದ್ದೆಂದು ಬಂದ 563 ಹುಲಿಗಳ ಅಂದಾಜಿನ ಹಿಂದೆ ಇದೇ ಕೆಲಸ ಇದೆ.

ಕೆಲವೊಮ್ಮೆ ಒಂದು ಹುಲಿ ಒಂದೇ ಜಾಡಿನಲ್ಲಿ ಹಿಂದೆ ಮುಂದೆ ತಿರುಗುತ್ತಲೇ ಇರುವುದು ಕಾಣುತ್ತದೆ. ಸಂಜೆ ಊಟದ ಹೊತ್ತಿಗೆ, ಬಾಗಿಲ ಹತ್ತಿರ ಆದರೆ ಅದು ಕಾಯುವಿಕೆ. ದಿನದ ಯಾವ ಹೊತ್ತಿನಲ್ಲೂ ಇದೇ ನಡೆದರೆ ಸೆರೆಯ ಬದುಕಿನ ಒತ್ತಡದ ಗುರುತು. ಮಕ್ಕಳು ಕೇಳಿದರೆ ಇದನ್ನು ಮುಚ್ಚಿಡದೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಹಂತ 5: ಚುಕ್ಕೆ ಓದಲು ಕಲಿಯಿರಿ

ಚಿರತೆ, ಚೀತಾ, ಜಾಗ್ವಾರ್ ಮೂರನ್ನೂ "ಚಿರತೆ" ಎಂದು ಕರೆದು ಮುಂದೆ ಹೋಗುವವರನ್ನು ಪ್ರತಿ ಆವರಣದ ಮುಂದೆಯೂ ನೋಡಬಹುದು. ಗುರುತಿಸುವುದು ಕಷ್ಟವಿಲ್ಲ.

ಚಿರತೆಯ ಮೈಮೇಲೆ ಇರುವುದು ಬಿಡಿ ಚುಕ್ಕೆಗಳಲ್ಲ, ಎಸಳೆಸಳಾಗಿ ಬಿರಿದ ಕಪ್ಪು ಹೂಗಳು. ಹೂವಿನ ನಡುವೆ ಖಾಲಿ. ಜಾಗ್ವಾರ್‌ನ ಹೂ ದೊಡ್ಡದು, ಅದರೊಳಗೆ ಒಂದೋ ಎರಡೋ ಸಣ್ಣ ಚುಕ್ಕೆಗಳಿರುತ್ತವೆ. ಜೊತೆಗೆ ಅದರ ತಲೆ ದಪ್ಪ, ಕಾಲು ಗಿಡ್ಡ, ಮೈ ಗಟ್ಟಿ. ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ಚೀತಾದ್ದು ಒತ್ತಿ ತುಂಬಿದ ದುಂಡು ಚುಕ್ಕೆ. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ ಕಂಡರೆ ಮುಗಿಯಿತು, ಬೇರೆ ಪರೀಕ್ಷೆ ಬೇಡ.

ಚೀತಾದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೂರು ಚೀತಾಗಳು ಮೈಸೂರಿಗೆ ಬಂದವು. ಭಾರತದ ನೆಲದಲ್ಲಿ ಈ ಪ್ರಾಣಿ ನಿರ್ನಾಮವಾಗಿದೆಯೆಂದು ಸರ್ಕಾರ ಘೋಷಿಸಿದ್ದು 1952ರಲ್ಲಿ. ಮತ್ತೆ ಕಾಡಿಗೆ ಬಿಡುವ ಪ್ರಯತ್ನ ಶುರುವಾದದ್ದು 2022ರ ಸೆಪ್ಟೆಂಬರ್ 17ರಂದು, ಮಧ್ಯಪ್ರದೇಶದ ಕುನೋದಲ್ಲಿ. ಅದರ ಕಾಲು ನೋಡಿ: ಉಗುರು ಪೂರ್ತಿ ಒಳಸೇರುವುದಿಲ್ಲ, ಓಡುವಾಗ ನೆಲ ಕಚ್ಚಲು ಬೇಕು. ಹುಲಿಯ ಹೆಜ್ಜೆಗುರುತಿನಲ್ಲಿ ಉಗುರು ಮೂಡುವುದಿಲ್ಲ, ಚೀತಾದ್ದರಲ್ಲಿ ಮೂಡುತ್ತದೆ. ಇನ್ನು ದನಿ. ಚೀತಾ ಘರ್ಜಿಸಲಾರದು. ಹಕ್ಕಿಯ ಚಿಲಿಪಿಲಿಯಂಥ ದನಿಯಲ್ಲಿ ಜೊತೆಗಾರನನ್ನು ಕರೆಯುತ್ತದೆ, ನೆಮ್ಮದಿಯಲ್ಲಿದ್ದಾಗ ಗುರುಗುಟ್ಟುತ್ತದೆ. ಜನ ಸದ್ದು ಮಾಡದ ಹೊತ್ತಿನಲ್ಲಿ ಕಿವಿಗೊಟ್ಟರೆ ಕೇಳೀತು.

ಚಿರತೆಗಳನ್ನು ನೋಡುವಾಗ ನೆಲದ ಮೇಲೆ ಹುಡುಕಬೇಡಿ. ಅಟ್ಟಣೆಯ ಮೇಲೆ, ಕೊಂಬೆಯ ಮೇಲೆ ಇಳಿಬಿದ್ದ ಬಾಲ ಹುಡುಕಿ. ನಮ್ಮ ರಾಜ್ಯದಲ್ಲಿ 1,879 ಚಿರತೆಗಳಿವೆ ಎಂಬುದು 2022ರ ಅಂದಾಜು. ಮೈಸೂರು, ಮಂಡ್ಯ ಸೀಮೆಯ ಕಬ್ಬಿನ ಗದ್ದೆಗಳಲ್ಲೇ ಅವು ಮರಿಹಾಕುತ್ತವೆ. ಊರಿನ ಹತ್ತಿರ ಸೆರೆಸಿಕ್ಕ, ಗಾಯಗೊಂಡ ಪ್ರಾಣಿಗಳಿಗಾಗಿ ಮೃಗಾಲಯದವರೇ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರ ನಡೆಸುತ್ತಾರೆ. ಅದು ಪ್ರೇಕ್ಷಣೀಯ ಸ್ಥಳವಲ್ಲ, ಹುಡುಕಿಕೊಂಡು ಹೋಗಬೇಡಿ. ಆವರಣದಲ್ಲಿ ಕಪ್ಪು ಚಿರತೆ ಇದ್ದರೆ ಓರೆ ಬೆಳಕಿನಲ್ಲಿ ನೋಡಿ: ಕಪ್ಪಿನೊಳಗೆ ಅದೇ ಹೂಗಳು ಕಾಣುತ್ತವೆ.

ಹಂತ 6: ಬಿಳಿ ಹುಲಿ, ಸಿಂಹ, ಮತ್ತು ಯಾರೂ ನಿಲ್ಲದ ಸಣ್ಣ ಆವರಣಗಳು

ಬಿಳಿ ಹುಲಿಯ ಮುಂದೆ ಯಾವಾಗಲೂ ಗುಂಪು. ಅದು ಬೇರೆ ಜಾತಿಯಲ್ಲ, ಹಿಮದ ನಾಡಿನದೂ ಅಲ್ಲ. ಒಂದು ವಂಶವಾಹಿಯಲ್ಲಿನ ಸಣ್ಣ ಬದಲಾವಣೆಯಿಂದ ಹಳದಿ-ಕೆಂಪು ಬಣ್ಣ ಇಲ್ಲವಾಗಿ ಕಪ್ಪು ಪಟ್ಟೆ ಮಾತ್ರ ಉಳಿದ ಬಂಗಾಳದ ಹುಲಿ. 1951ರಲ್ಲಿ ರೇವಾದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಮರಿಯ ಸಂತತಿಯೇ ಇಂದು ಜಗತ್ತಿನ ಮೃಗಾಲಯಗಳ ಬಹುತೇಕ ಬಿಳಿ ಹುಲಿಗಳು. ಆ ಬಣ್ಣ ಉಳಿಸಿಕೊಳ್ಳಲು ರಕ್ತಸಂಬಂಧದಲ್ಲೇ ಕೂಡಿಸಿದ್ದರಿಂದ ದೋಷಗಳೂ ಉಳಿದವು. ಹಲವಕ್ಕೆ ಮೆಳ್ಳೆಗಣ್ಣು. ಸುಂದರವಾಗಿದೆ, ನಿಜ. ಆದರೆ ಕಾಡು ಉಳಿಸುವ ಕೆಲಸಕ್ಕೂ ಬಿಳಿ ಹುಲಿ ಬೆಳೆಸುವುದಕ್ಕೂ ಸಂಬಂಧವಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಸಿಂಹದಲ್ಲಿ ಏಷ್ಯಾದ್ದೋ ಆಫ್ರಿಕಾದ್ದೋ ತಿಳಿಯಲು ಹೊಟ್ಟೆ ನೋಡಿ. ಹೊಟ್ಟೆಯಡಿ ಉದ್ದಕ್ಕೂ ಜೋತುಬಿದ್ದ ಚರ್ಮದ ಮಡಿಕೆ ಇದ್ದು, ಕೇಸರದ ನಡುವೆ ಕಿವಿ ಕಾಣುವಂತಿದ್ದರೆ ಏಷ್ಯಾದ ಸಿಂಹ. ಕಾಡಿನಲ್ಲಿ ಅದು ಉಳಿದಿರುವುದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ, 2025ರ ಗಣತಿಯಂತೆ 891. ಬೆಳಗ್ಗೆ ಅಥವಾ ಸಂಜೆ ಘರ್ಜನೆ ಶುರುವಾದರೆ ಎಲ್ಲಿದ್ದೀರೋ ಅಲ್ಲೇ ನಿಂತು ಕೇಳಿ. ಬಯಲಿನಲ್ಲಿ ಎಂಟು ಕಿಲೋಮೀಟರ್‌ವರೆಗೂ ತಲುಪುವ ದನಿ ಅದು; ಹತ್ತಿರದಲ್ಲಿ ಎದೆಗೂಡು ಅದುರುತ್ತದೆ.

ಕಾಡುಬೆಕ್ಕು, ಚಿರತೆಬೆಕ್ಕಿನಂಥ ಸಣ್ಣವುಗಳ ಆವರಣ ಫಲಕದಲ್ಲಿ ಕಂಡರೆ ಬಿಡಬೇಡಿ. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದು ನಮ್ಮ ಕರ್ನಾಟಕದಲ್ಲೇ ಇದೆ, ತುಕ್ಕುಬಣ್ಣದ ಚುಕ್ಕೆಯದು. ಬೆಳೆದದ್ದರ ತೂಕ ಒಂದೂವರೆ ಕಿಲೋ ಆಸುಪಾಸು. ಹುಲಿಯ ಹೆಸರಲ್ಲಿ ಉಳಿದ ಕಾಡಿನಲ್ಲಿ ಇವೆಲ್ಲ ಬದುಕುತ್ತಿವೆ.

ಹಂತ 7: ಫೋಟೊ ಮತ್ತು ಶಿಸ್ತು

ಜಾಲರಿ ಇರುವಲ್ಲಿ ಬಿಸಿಲು ಬಿದ್ದ ಭಾಗ ಬಿಟ್ಟು ನೆರಳಿನ ಭಾಗದ ಮೂಲಕ ತೆಗೆಯಿರಿ; ಬಿಸಿಲಿನಲ್ಲಿ ತಂತಿ ಬಿಳಿಯಾಗಿ ಹೊಳೆದು ಚಿತ್ರ ಕೆಡಿಸುತ್ತದೆ. ಉದ್ದದ ಜೂಮ್, ಅಪರ್ಚರ್ ಪೂರ್ತಿ ತೆರೆದು, ಪ್ರಾಣಿ ಜಾಲರಿಯಿಂದ ದೂರವಿದ್ದಾಗ ಕ್ಲಿಕ್ಕಿಸಿದರೆ ತಂತಿ ಮಾಯ. ಗಾಜಿರುವಲ್ಲಿ ಫೋನನ್ನು ಗಾಜಿಗೆ ಒತ್ತಿ ಹಿಡಿದು, ಅಂಗೈಯಿಂದ ಸುತ್ತ ಮರೆ ಮಾಡಿ. ಫ್ಲಾಶ್ ಬೇಡ. ತಡೆಗಂಬಿ ದಾಟುವುದು, ಮಗುವನ್ನು ಕಟ್ಟೆಯ ಮೇಲೆ ಕೂರಿಸುವುದು ಎಂದಿಗೂ ಬೇಡ.

ಸೀಟಿ ಹೊಡೆದು, ಕಲ್ಲೆಸೆದು ಎಬ್ಬಿಸಲು ನೋಡುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಜೈಲಿಗೂ ಅವಕಾಶವಿದೆ. ಮೆಲ್ಲಗೆ ಹೇಳಿ ನೋಡಿ. ಕೇಳದಿದ್ದರೆ ಹತ್ತಿರದ ಸಿಬ್ಬಂದಿಗೆ ತಿಳಿಸಿ. ಆ ಸಿಬ್ಬಂದಿ, ಅದರಲ್ಲೂ ಪ್ರಾಣಿಪಾಲಕರು ಬಿಡುವಾಗಿದ್ದರೆ ಮಾತಾಡಿಸಿ. ಯಾವ ಹುಲಿ ಯಾವ ಮರದಡಿ ಮಲಗುತ್ತದೆ, ಯಾವುದು ಮಳೆ ಬಂದರೆ ಕುಣಿಯುತ್ತದೆ ಎಂಬುದು ಯಾವ ಫಲಕದಲ್ಲೂ ಇರುವುದಿಲ್ಲ. ಇಷ್ಟವಾದ ಪ್ರಾಣಿಯನ್ನು ದತ್ತು ಪಡೆಯುವ ಯೋಜನೆಯೂ ಇಲ್ಲಿದೆ. ಹುಲಿಯೇ ಆಗಬೇಕಿಲ್ಲ, ಕೈಗೆಟುಕುವ ಮೊತ್ತದಲ್ಲಿ ಒಂದು ಹಕ್ಕಿಯ ಆಹಾರದ ಖರ್ಚನ್ನೂ ಹೊರಬಹುದು.

ಹಂತ 8: ಬೆಕ್ಕುಗಳು ಮಲಗಿದ ಮೇಲಿನ ಊರು

ಹನ್ನೆರಡರ ಹೊತ್ತಿಗೆ ಹೊರಬಿದ್ದು ಊಟ ಮಾಡಿ. ಬಿಸಿಲ ಹೊತ್ತಿಗೆ ಸೂರಿನಡಿಯ ಜಾಗ ಬೇಕು: 1861ರ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ. ರವಿವರ್ಮನ ಚಿತ್ರಗಳಿವೆ, ಹಲ್ದಣಕರರ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಆ ದೀಪದ ಬೆಳಕು ಬೆರಳ ಸಂದಿಯಲ್ಲಿ ಕೆಂಪಾಗಿ ಸೋಸುವುದನ್ನು ಕತ್ತಲು ಮಾಡಿದ ಕೋಣೆಯಲ್ಲಿ ನೋಡಬೇಕು. ಕಾರಂಜಿ ಕೆರೆ ಬದಿಯ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ಆಸೆ ಬೇಡ. ಕೆರೆಗೆ ಮಾತ್ರ ಹೋಗಬಹುದು. ಮಕ್ಕಳಿದ್ದರೆ ಅಲ್ಲಿನ ನಡೆದಾಡುವ ಪಕ್ಷಿಪಂಜರವೂ ದೋಣಿಯೂ ಮಧ್ಯಾಹ್ನಕ್ಕೆ ಸಾಕು. ಸೇಂಟ್ ಫಿಲೋಮಿನಾ ಚರ್ಚ್ ದಾರಿಯಲ್ಲಿ ಸಿಕ್ಕರೆ ಒಂದು ಇಣುಕು.

ನಾಲ್ಕಕ್ಕೆ ನಗರ ಬಸ್ ನಿಲ್ದಾಣದಿಂದ 201ನೇ ನಂಬರ್ ಬಸ್ ಹತ್ತಿ ಚಾಮುಂಡಿ ಬೆಟ್ಟಕ್ಕೆ. ದರ್ಶನ ಮುಗಿಸಿ ಮೆಟ್ಟಿಲಲ್ಲಿ ಇಳಿಯುತ್ತಾ 17ನೇ ಶತಮಾನದ ಏಕಶಿಲಾ ನಂದಿಯವರೆಗೆ ಬನ್ನಿ. ಕತ್ತಲಾಗುವ ಮೊದಲೇ ಕೆಳಗಿರಬೇಕು. ಬೆಟ್ಟದ ಸುತ್ತ ಮೀಸಲು ಅರಣ್ಯವಿದೆ, ಅಲ್ಲಿ ಚಿರತೆಗಳಿವೆ. ಬೆಳಗ್ಗೆ ಕಂದಕದಾಚೆ ಕಂಡದ್ದರ ಬಂಧುಗಳೇ ಇಲ್ಲಿ ಕಂದಕವಿಲ್ಲದೆ ಓಡಾಡುತ್ತವೆ.

ಸ್ವಂತ ಗಾಡಿಯಲ್ಲಿ ಬೆಂಗಳೂರಿಗೆ ಮರಳುವವರು ಬೆಟ್ಟ ಬಿಟ್ಟು ಶ್ರೀರಂಗಪಟ್ಟಣ ಹಿಡಿಯಬಹುದು. ಗಂಜಾಂ ಬಳಿಯ ಗುಂಬಜ್‌ನಲ್ಲಿ ಹೈದರ್, ಟಿಪ್ಪು ಮಲಗಿದ್ದಾರೆ. ಹೊರಗಿನ 36 ಕಪ್ಪು ಕಲ್ಲಿನ ಕಂಬಗಳನ್ನು ದಾಟಿ ಒಳಗೆ ಹೋಗಿ ಗೋಡೆ ನೋಡಿ: ನೆಲದಂಚಿನಿಂದ ಮೇಲಿನವರೆಗೂ ಬಳಿದಿರುವುದು ಟಿಪ್ಪುವಿನ ಹುಲಿಪಟ್ಟೆ. ಹುಲಿಯ ಮುಂದೆ ಇಪ್ಪತ್ತು ನಿಮಿಷ ನಿಂತು ಬಂದವರಿಗೆ ಆ ಪಟ್ಟೆಗಳನ್ನು ಕಲಾವಿದ ಎಲ್ಲಿ ಸರಳಗೊಳಿಸಿದ್ದಾನೆ ಎಂಬುದೂ ಕಾಣುತ್ತದೆ. ಸಂಜೆ ಮುಚ್ಚುವುದರೊಳಗೆ ತಲುಪಲು ಮೈಸೂರನ್ನು ಮೂರೂವರೆಗೆ ಬಿಡಿ.